ಲೂಪಸ್ ಬಂದು 11 ವರ್ಷ ಆತು, ಮಖದ ಕೆಂಪು ಹೋಗೈತಿ, ಆದ್ರ ಈಗ ದಮ್ಮು ಹತ್ತಾಕತ್ತೈತಿ, ಹಾರ್ಟಿಗೆ ಏನರ ಆಗೈತೇನ್ರಿ?

ಗಂಗಾವತಿ ಹೊಲಿಗಿ:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರಿಯಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗ 36 ವರ್ಷ, ಮನ್ಯಾಗ ಬ್ಲೌಸ್ ಹೊಲಿತೀನಿ, ನಮ್ಮ ಮನಿಯವರು ರೈಸ್ ಮಿಲ್ಲಿನಾಗ ಅದಾರ. 25ನೇ ವಯಸ್ಸಿನಾಗ ಮಖದ ಮ್ಯಾಲ ಮೂಗಿನ ಎರಡೂ ಕಡೆ ಕೆಂಪಗ ಆತು, ಎಲ್ಲಾರೂ ಭಂಗು ಅಂದ್ರು, ಹಾಲಿನ ಕೆನಿ ಹಚ್ಚಿದ್ವಿ, ಅರಿಶಿಣ ಹಚ್ಚಿದ್ವಿ, ಬಿಸಲಾಗ ಹೋದ್ರ ಇನ್ನೂ ಉರಿ ಹೆಚ್ಚಾಗ್ತಿತ್ತು. ಆಮ್ಯಾಲ ಬಳ್ಳು ಎಲ್ಲಾ ಬಾತು ಮುಂಜಾನಿ ರೊಟ್ಟಿ ಬಡಿಯಾಕ ಕೈ ಮಡಚಾಕ ಬರಲಾರದಂಗ ಆದಾಗ ಹುಬ್ಬಳ್ಳಿಗೆ ಹೋಗಿ ತೋರಿಸಿದ್ವಿ, ಎಎನ್‌ಎ, ಡಿಎಸ್ ಡಿಎನ್‌ಎ ಅಂತ ರಕ್ತ ತಪಾಸಣಿ ಮಾಡಿ ಲೂಪಸ್ ಅಂದ್ರು, ಮೈ ಕಾಯೂ ಶಕ್ತಿನೇ ತಿರುಗಿ ನಮ್ಮ ಮೈ ಮ್ಯಾಲ ಬೀಳೂ ರೋಗಂತ. ಪ್ರೆಡ್ನಿಸೋಲೋನ್ ಅನ್ನೂ ಸ್ಟೀರಾಯ್ಡ್ ಗುಳಿಗಿ ಮತ್ತ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ರು, ನಾಕೈದು ತಿಂಗಳಾಗ ಆರಾಮ ಆದೆ.

ಮೊದಲ ಎರಡು ವರ್ಷ ಫಾಲೋಅಪ್ ತಪ್ಪಿಸಿಲ್ರಿ. ಆಮ್ಯಾಲ ಮಗ ಹುಟ್ಟಿದ, ನಮ್ಮ ಅತ್ತಿಗೆ ಲಕ್ವಾ ಹೊಡೀತು, ಹೋಗೂದು ತಪ್ಪಿಹೋತು. ಹಳೇ ಚೀಟಿ ತೋರಿಸಿದ್ರ ಮೆಡಿಕಲ್ ಶಾಪಿನಾಗ ಗುಳಿಗಿ ಕೊಡ್ತಿದ್ರು, ಹಂಗಾಗಿ ಪ್ರೆಡ್ನಿಸೋಲೋನ್ 10 ಎಂಜಿ ಇವತ್ತಿನ ತನಕಾನೂ ನಡದೈತಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ನಾಕು ವರ್ಷದ ಹಿಂದ ಬಿಟ್ಟೆ, ಕಣ್ಣು ಹೋಗ್ತಾವು ಅಂತ ಓಣ್ಯಾಗ ಒಬ್ರು ಹೇಳಿದ್ರು, ಹೊಲಿಗಿ ಮಾಡಾಕಿ ಕಣ್ಣು ಹೋದ್ರ ಏನ್ ಮಾಡ್ಲಿ ಅಂತ ಅಂಜಿಕಿ ಆತು.

ಈಗ ಎರಡು ತಿಂಗಳಿಂದ ಮಾಳಗಿ ಮ್ಯಾಲ ಬಟ್ಟಿ ಒಣಗ ಹಾಕಾಕ ಹೋದ್ರ ದಮ್ಮು ಹತ್ತತೈತಿ. ಸಂಜಿಗೆ ಕಾಲು ಬಾತು ಕಾಲುಂಗರ ಬಿಗಿ ಆಕ್ಕಾವು. ರಾತ್ರಿ ಅಂಗಾತ ಮಕ್ಕೊಂಡ್ರ ಎದಿ ಚುಚ್ಚತೈತಿ, ಎದ್ದು ಮುಂದಕ್ಕ ಬಗ್ಗಿ ಕುಂತ್ರ ಕಡಿಮಿ ಆಕ್ಕೈತಿ. ಇಲ್ಲೇ ತೋರಿಸಿದ್ರ ಗ್ಯಾಸ್ ಅಂತ ಗುಳಿಗಿ ಕೊಟ್ಟಾರ, ಜತಿಗೆ ಮೈಕೈ ನೋವಿಗೆ ಇಂಜೆಕ್ಷನ್. ಇನ್ನೊಂದು, ಹೇಳಾಕ ಸಂಕೋಚ, ಉಚ್ಚಿ ಹೋದಾಗ ಬಾಳ ನೊರಿ ಬರತೈತಿ. ಚರ್ಮ ಅಂತೂ ಕ್ಲೀನ್ ಐತಿ, ಕೀಲು ನೋವೂ ಇಲ್ಲ. ಲೂಪಸ್ ಹೋದ ಮ್ಯಾಲೂ ಹಾರ್ಟ್, ಕಿಡ್ನಿಗೆ ಬರತೈತೇನ್ರಿ? ಯಾರಿಗರ ಹಿಂಗ ಆಗಿದ್ರ ಹೇಳ್ರಿ, ಮನ್ಯಾಗ ಮತ್ತ ಟೆಸ್ಟ್ ಅಂದ್ರ ರೊಕ್ಕದ ಮಾತು ಬರತೈತಿ.

ಬಳ್ಳಾರಿ ನರ್ಸಕ್ಕ:

ಅಕ್ಕಾ, ನಾನು ಬಳ್ಳಾರಿಯಾಗೆ ಸ್ಟಾಫ್ ನರ್ಸು, 14 ವರ್ಷ ಆಯ್ತು, ಅದ್ರಾಗೆ 6 ವರ್ಷ ಡಯಾಲಿಸಿಸ್ ಯೂನಿಟ್ಟಿನಾಗೇ ಇದ್ದೆ. ನೀವು ಬರ್ದಿದ್ದು ಓದಿ ಸುಮ್ಕೆ ಇರಾಕೆ ಆಗ್ಲಿಲ್ಲ. ಮೊದ್ಲು ಇದು ಕೇಳ್ರಿ, ಸೋಮವಾರ ನೋಡಾನ, ಅಮಾಸೆ ಆದ್ಮೇಲೆ ನೋಡಾನ ಅನ್ನಬ್ಯಾಡ್ರಿ, ನಾಳೆ ಬೆಳಿಗ್ಗೆನೇ ದೊಡ್ಡ ಆಸ್ಪತ್ರೆಗೆ ಹೋಗ್ರಿ. ಕೂತಾಗ್ಲೂ ದಮ್ಮು ಬಂದ್ರೆ ಅಥವಾ ತಲೆ ಸುತ್ತಿ ಕಣ್ಣಿಗೆ ಕತ್ತಲೆ ಬಂದ್ರೆ ಬೆಳಿಗ್ಗೆ ತನಕ ಕಾಯಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ.

ಯೂರಿನ್ನಾಗೆ ನೊರೆ ಅಂದ್ರೆ ಹೆಚ್ಚಾಗಿ ಪ್ರೋಟೀನ್ ಸೋರ್ತಾ ಐತೆ ಅಂತ. ನಿಮ್ಮ ಮನಿಯವರು ಮಿಲ್ಲಿನಾಗೆ ಇದಾರೆ ಅಂದ್ರಲ್ಲ, ಜರಡಿ ಹರಿದ್ರೆ ನುಚ್ಚಿನ ಜೊತೆ ಒಳ್ಳೆ ಅಕ್ಕಿನೂ ಕೆಳಗೆ ಬೀಳ್ತೈತಲ್ಲ ಹಂಗೆ, ಕಿಡ್ನಿ ಜರಡಿ ಲೂಪಸ್ಸಿಂದ ಕೆಟ್ರೆ ಮೈಗೆ ಬೇಕಾದ ಪ್ರೋಟೀನೇ ಹೊರಗೆ ಹೋಗ್ತೈತೆ, ಆಮೇಲೆ ಕಾಲು ಬಾಯ್ತೈತೆ, ಬೆಳಿಗ್ಗೆ ಎದ್ರೆ ಕಣ್ಣಿನ ಸುತ್ತ ಊದ್ಕಂಡಿರ್ತೈತೆ, ಬಿಪಿ ಏರ್ತೈತೆ. ಲೂಪಸ್ ಇರೋರಾಗೆ ಸುಮಾರು ಅರ್ಧ ಮಂದಿಗೆ ಒಂದಲ್ಲ ಒಂದ್ ಟೈಮಲ್ಲಿ ಕಿಡ್ನಿಗೆ ಬರ್ತೈತೆ ಅಂತಾರೆ ಡಾಕ್ಟ್ರು. ಕಿಡ್ನಿ ನೋಯಲ್ಲ ಅಕ್ಕ. ನೋಯೋ ಹಂಗಿದ್ದಿದ್ರೆ ನಮ್ಮ ಯೂನಿಟ್ಟಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗೇರು ಕೈಯಾಗೆ ಡಯಾಲಿಸಿಸ್ ಸೂಜಿ ಚುಚ್ಚಾಕೆ ಫಿಸ್ಟುಲಾ ಹಾಕಿಸ್ಕಂಡು ವಾರಕ್ಕೆ ಮೂರು ಸಲ ಬಂದು ಮಲಗ್ತಿರಲಿಲ್ಲ.

ಮಲಗಿದ್ರೆ ಚುಚ್ಚಿ ಮುಂದಕ್ಕೆ ಬಗ್ಗಿದ್ರೆ ಕಡಿಮೆ ಆಗೋದು ಗ್ಯಾಸ್ ಲಕ್ಷಣ ಅಲ್ಲ ಅನ್ಸುತ್ತೆ ನಂಗೆ, ಹಾರ್ಟಿನ ಮ್ಯಾಲಿನ ಪೊರೆಗೆ ಬಾವು ಬಂದ್ರೆ ಹಿಂಗೇ ಆಗ್ತೈತೆ, ಪೆರಿಕಾರ್ಡೈಟಿಸ್ ಅಂತಾರೆ, ಪೊರೆ ಒಳಗೆ ನೀರು ತುಂಬಿದ್ರೆ ದಮ್ಮು ಬರ್ತೈತೆ. ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್ ಮಾಡಿದ್ರೆ ಗೊತ್ತಾಗ್ತೈತೆ. ಯೂರಿನ್ ಟೆಸ್ಟು, ಬಿಪಿ, ಕಿಡ್ನಿ ನೋಡೋ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಇಸಿಜಿ ಇವೆಲ್ಲ ಸರ್ಕಾರಿ ಆಸ್ಪತ್ರೆಯಾಗೇ ಆಗ್ತವೆ, ಬಿಪಿಎಲ್ ಕಾರ್ಡು ಆಯುಷ್ಮಾನ್ ಕಾರ್ಡು ಎರಡೂ ಇಟ್ಕಂಡು ಹೋಗ್ರಿ. ಅಡ್ಮಿಟ್ ಆದ್ರೆ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಐತೆ, ಮನ್ಯಾಗೆ ಇದನ್ನ ಮೊದ್ಲು ಹೇಳ್ರಿ.

ಎರಡು ಕೆಲ್ಸ ಮಾತ್ರ ಮಾಡಬ್ಯಾಡ್ರಿ. ಆ ನೋವಿನ ಇಂಜೆಕ್ಷನ್, ಡೈಕ್ಲೋಫಿನಾಕ್ ತರದ್ದು, ಇನ್ನೊಂದು ಹಾಕಿಸ್ಕಬ್ಯಾಡ್ರಿ, ಸೋರೋ ಕಿಡ್ನಿಗೆ ಅದು ಇನ್ನೂ ಹೊಡೆತ. ಇನ್ನೊಂದು, ಹೆದರ್ಕಂಡು ಪ್ರೆಡ್ನಿಸೋಲೋನ್ ಪಟ್ ಅಂತ ನಿಲ್ಲಿಸಬ್ಯಾಡ್ರಿ. ವರ್ಷಗಟ್ಲೆ ಹೊರಗಿಂದ ಕೊಟ್ಟಿರ್ತೀವಲ್ಲ, ಮೈಯಾಗಿನ ಗ್ರಂಥಿ ತಾನು ಮಾಡೋ ಕೆಲಸಾನೇ ನಿಲ್ಲಿಸಿರ್ತೈತೆ, ಒಮ್ಮೆಲೇ ಬಿಟ್ರೆ ಬಿಪಿ ಬಿದ್ದು ಜೀವಕ್ಕೇ ಬರ್ತೈತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇವತ್ತಿಂದಾನೇ ಬಿಡ್ರಿ.

ಕುಷ್ಟಗಿ ಬಯಲು:

ಅಕ್ಕಾರ, ಇಂಗ್ಲಿಷ್ ಔಷಧದಿಂದಾನೇ ಇಷ್ಟೆಲ್ಲಾ ಆಗೈತಿ ಅಂತ ನನಗ ಅನಿಸತೈತಿ. 11 ವರ್ಷ ಸ್ಟೀರಾಯ್ಡ್ ತಗೊಂಡ್ರ ಕಿಡ್ನಿ ಉಳಿತಾವೇನ್ರಿ? ನಮ್ಮ ಕಡೆ ಒಬ್ರು ಬೇರು ಕೊಡ್ತಾರ, 48 ದಿವಸ ಪಥ್ಯ ಮಾಡ್ಬೇಕು, ಎಲ್ಲಾ ಗುಳಿಗಿ ಬಂದ್ ಮಾಡ್ಬೇಕು. ನಮ್ಮ ಸಣ್ಣವ್ವಗ ಕೀಲು ನೋವು ಕಡಿಮಿ ಆಗೈತಿ.

ರಾಯಚೂರು ಅಣ್ಣ:

ಕುಷ್ಟಗಿಯವರೇ, ನೀವು ಒಳ್ಳೇದಕ್ಕೇ ಹೇಳೀರಿ, ಆದ್ರ ಎಲ್ಲಾ ಗುಳಿಗಿ ಬಂದ್ ಮಾಡ್ರಿ ಅನ್ನೋ ಮಾತು ಈ ರೋಗದಾಗ ಬ್ಯಾಡ್ರಿ, ಕೈ ಮುಗೀತೀನಿ. ನಮ್ಮ ತಂಗಿ ಇದನ್ನ ಮಾಡಿ ನೋಡ್ಯಾಳ.

ಆಕಿಗಿ 27ಕ್ಕ ಲೂಪಸ್ ಬಂದದ, 38ಕ್ಕ ಹಾರ್ಟ್ ಅಟ್ಯಾಕ್ ಆಗ್ಯದ. ಶುಗರ್ ಇರ್ಲಿಲ್ಲ, ದಪ್ಪ ಇರ್ಲಿಲ್ಲ, ಬೀಡಿ ತಂಬಾಕು ಯಾವುದೂ ಇಲ್ಲ. ಅವತ್ತು ರೊಟ್ಟಿ ಮಾಡ್ಲಿಕತ್ತಿದ್ಳು, ಗದ್ದ ಜಗ್ಗತದ, ಬೆನ್ನು ಮ್ಯಾಲ ಹಿಡದದ ಅಂದ್ಳು, ಮೈಯೆಲ್ಲಾ ಬೆವರು. ಒಲಿ ಮುಂದ ಕುಂತೋರಿಗಿ ಏಪ್ರಿಲ್ ತಿಂಗಳಾಗ ರಾಯಚೂರಿನಾಗ ಬೆವರು ಬರದೇ ಇರ್ತದೇನು ಅಂತ ನಾವೇ ಅಂದ್ವಿ. ಒಂದು ಖಾಸಗಿ ದವಾಖಾನಿಗಿ ಕರಕೊಂಡು ಹೋದ್ರ ಹೆಣ್ಮಗಳು, ವಯಸ್ಸು ಸಣ್ಣದು, ಗ್ಯಾಸ್ ಅಂತ ಸೂಜಿ ಮಾಡಿ ಮನಿಗಿ ಕಳಿಸಿದ್ರು. ಇಸಿಜಿ ಮಷಿನ್ ಅಲ್ಲೇ ಮೂಲ್ಯಾಗ ಇತ್ರಿ. ಲೂಪಸ್ ಅದ ಅಂತ ನಾನು ಎರಡು ಸಲ ಹೇಳೀನಿ, ಅದು ಚರ್ಮದ್ದಲ್ಲೇನು ಅಂದ್ರು. ಮರುದಿವ್ಸ ಮತ್ತ ಬಂತು, ಅವಾಗ ಇಸಿಜಿ ತೆಗೆದ್ರು, ಅಟ್ಯಾಕ್ ಆಗ್ಯದ ಅಂತ ಗೊತ್ತಾತು, ರಾತ್ರೋರಾತ್ರಿ ಹೈದರಾಬಾದಿಗಿ ಒಯ್ದು ಸ್ಟೆಂಟ್ ಹಾಕಿಸಿದ್ವಿ. ಜೀವ ಉಳೀತು, ಆದ್ರ ಒಂದು ದಿವ್ಸ ತಡ ಆಗಿದ್ದಕ್ಕ ಹಾರ್ಟಿನ ಪಂಪಿಂಗ್ ಕಡಿಮಿ ಆಗ್ಯದ, ಈಗ ಎರಡು ಕೊಡ ನೀರು ಹೊರ್ಲಿಕ್ಕ ಆಗಲ್ಲ.

ಅಲ್ಲಿ ಡಾಕ್ಟರ್ ಹೇಳಿದ್ದು ಕೇಳಿ ನನಗ ಗಾಬರಿ ಆತು. ಲೂಪಸ್ ಇರೋ 35ರಿಂದ 44 ವಯಸ್ಸಿನ ಹೆಣ್ಮಕ್ಕಳಿಗಿ ಅದೇ ವಯಸ್ಸಿನ ಬ್ಯಾರೆ ಹೆಣ್ಮಕ್ಕಳಿಗಿಂತ ಹಾರ್ಟ್ ಅಟ್ಯಾಕ್ 50 ಪಟ್ಟಿಗಿಂತ ಹೆಚ್ಚು ಅಂತ ಅಮೆರಿಕಾದಾಗ 1997ರಾಗೇ ಲೆಕ್ಕ ಹಾಕ್ಯಾರಂತ. ಆಮ್ಯಾಲ ಆಕಿ ರಕ್ತದಾಗ ಆಂಟಿಫಾಸ್ಫೋಲಿಪಿಡ್ ಅಂತ ಇನ್ನೊಂದು ತಪಾಸಣಿ ಮಾಡಿದ್ರು, ಪಾಸಿಟಿವ್ ಬಂತು, 12 ವಾರ ಬಿಟ್ಟು ಮತ್ತ ಮಾಡಿದ್ರು, ಅವಾಗೂ ಪಾಸಿಟಿವ್. ಅದು ಇದ್ರ ರಕ್ತ ಗಟ್ಟಿ ಕಟ್ಟತದ, ಹಾರ್ಟಿಗಿ, ತಲಿಗಿ, ಕಾಲಿಗಿ ಎಲ್ಲಿ ಬೇಕಾದ್ರೂ. ಆಕಿಗಿ ಮೊದಲು ಎರಡು ಸಲ ಗರ್ಭ ನಿಂತಿರ್ಲಿಲ್ಲ, ಅದಕ್ಕೂ ಇದೇ ಕಾರಣ ಇರಬಹುದು ಅಂದ್ರು. ಇಷ್ಟು ವರ್ಷ ಯಾರೂ ಆ ಒಂದು ಟೆಸ್ಟ್ ಬರೀಲಿಲ್ರಿ, ಅತ್ತಿ ಮನ್ಯಾಗ ಆಕಿ ಕೇಳಬಾರದ್ದೆಲ್ಲಾ ಕೇಳ್ಯಾಳ.

ಈಗ ರಕ್ತ ಗಟ್ಟಿ ಕಟ್ಟದಂಗ ವಾರ್ಫರಿನ್ ಗುಳಿಗಿ ನಡದದ, ರಕ್ತ ಎಷ್ಟು ಹೊತ್ತಿಗಿ ಗಟ್ಟಿ ಆಗ್ತದ ಅಂತ ನೋಡ್ಲಿಕ್ಕ ತಿಂಗಳಿಗೊಮ್ಮೆ ಐಎನ್‌ಆರ್ ಮಾಡಿಸ್ತೀವಿ. ಸೊಪ್ಪು ಆ ಗುಳಿಗಿ ಕೆಲಸ ಏರುಪೇರು ಮಾಡ್ತದ, ಆದ್ರೂ ಪುಂಡಿಪಲ್ಲೆ, ಮೆಂತೆಪಲ್ಲೆ ಪೂರ್ತಿ ಬಿಡೋದು ಬ್ಯಾಡ, ಒಂದು ವಾರ ಬುಟ್ಟಿಗಟ್ಲೆ ತಿಂದು ಇನ್ನೊಂದು ವಾರ ಬಿಡೋದು ಮಾಡಬ್ಯಾಡ್ರಿ, ಯಾವಾಗ್ಲೂ ಒಂದೇ ಅಳತಿ ಇರ್ಲಿ ಅಂದಾರ. ಅಕ್ಕೋರೆ, ನಮ್ಮ ಕಡೆ ಲೂಪಸ್ ನೋಡೋ ರುಮಟಾಲಜಿ ಡಾಕ್ಟರ್ ಸಿಗೋದು ಕಷ್ಟ, ಹೈದರಾಬಾದ್ ನಿಮ್ಸ್‌ನಾಗ ಅದಕ್ಕಂತಲೇ ಡಿಪಾರ್ಟ್‌ಮೆಂಟ್ ಅದ. ನಿಮಗ ಹುಬ್ಬಳ್ಳಿ ಹತ್ರ ಆದ್ರ ಅಲ್ಲೇ ಹೋಗ್ರಿ, ಒಟ್ಟು ಗ್ಯಾಸ್ ಅಂತ ಸುಮ್ನೆ ಕೂಡಬ್ಯಾಡ್ರಿ.

ಗಂಗಾವತಿ ಹೊಲಿಗಿ:

ಅಣ್ಣಾರ, ನಿಮ್ಮ ತಂಗಿ ವಿಷಯ ಓದಿ ಕಣ್ಣಾಗ ನೀರು ಬಂತು. ಮನಿಯವರಿಗೂ ಓದಿ ಹೇಳೀನಿ. ನಾಳೆ ಮುಂಜಾನಿ ಬಸ್ಸಿಗೆ ಬಳ್ಳಾರಿಗೆ ಹೊಂಟೀವಿ. ಆದ್ರ ಒಂದು ತಿಳೀವಲ್ದು, ಕುಷ್ಟಗಿಯವರು ಕೇಳಿದ್ದು ಸುಳ್ಳೇನ್ರಿ, ಇದು ರೋಗದಿಂದ ಆಗಿದ್ದೋ ಗುಳಿಗಿಯಿಂದ ಆಗಿದ್ದೋ?

ಕೊಪ್ಪಳ ಮೆಡಿಸಿನ್:

ನಾನು ಎಂಡಿ ಮೆಡಿಸಿನ್ ಮಾಡ್ತಾ ಇದೀನಿ, ಊರು ಕೊಪ್ಪಳ. ಇಲ್ಲಿ ಕೂತು ನಿಮ್ಮನ್ನ ಪರೀಕ್ಷೆ ಮಾಡದೆ ಇದೇ ಅಂತ ಹೇಳೋಕೆ ಆಗಲ್ಲ, ಆದ್ರೆ ನೀವು ಕೇಳಿದ ಪ್ರಶ್ನೆ ತುಂಬಾ ಮುಖ್ಯ, ಕುಷ್ಟಗಿಯವರ ಸಂಶಯದಲ್ಲೂ ಒಂದು ಪಾಲು ಸತ್ಯ ಇದೆ ಅದನ್ನ ತಳ್ಳಿ ಹಾಕೋಕೆ ಆಗಲ್ಲ.

1950ರ ದಶಕದಲ್ಲಿ ಲೂಪಸ್ ಅಂತ ಗೊತ್ತಾದವರಲ್ಲಿ ಸುಮಾರು ಅರ್ಧ ಜನ 5 ವರ್ಷದೊಳಗೆ ಹೋಗಿಬಿಡ್ತಿದ್ರು. ಸ್ಟೀರಾಯ್ಡ್, ಡಯಾಲಿಸಿಸ್ ಇವೆಲ್ಲ ಬಂದ ಮೇಲೆ ಜನ ಬದುಕೋಕೆ ಶುರು ಮಾಡಿದ್ರು, ಆಮೇಲೆ 1976ರಲ್ಲಿ ಕೆನಡಾದ ಟೊರೊಂಟೊದಲ್ಲಿ ಯುರೋವಿಟ್ಜ್ ಅನ್ನೋ ಡಾಕ್ಟ್ರು ಮತ್ತೆ ಅವರ ತಂಡ ಒಂದು ವಿಷಯ ಗಮನಿಸಿದ್ರು, ಕಾಯಿಲೆ ಬಂದ ಹೊಸದರಲ್ಲಿ ಸಾಯೋರು ಲೂಪಸ್ ಜೋರಾಗಿ ಅಥವಾ ಇನ್ಫೆಕ್ಷನ್ ಆಗಿ ಸಾಯ್ತಾರೆ, ಆದ್ರೆ ವರ್ಷಗಳಾದ ಮೇಲೆ ಸಾಯೋರು ಹಾರ್ಟ್ ಅಟ್ಯಾಕ್‌ನಿಂದ, ಅದೂ ಲೂಪಸ್ ಶಾಂತವಾಗಿದ್ದಾಗ, ಮತ್ತೆ ಅವರೆಲ್ಲ ಬಹಳ ಕಾಲ ಸ್ಟೀರಾಯ್ಡ್ ತಗೊಂಡೋರು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಕ್ಕ. ಎರಡೂ ಸೇರಿ ಮಾಡ್ತವೆ. ಲೂಪಸ್ ಬಾವು ರಕ್ತನಾಳದ ಒಳಗೋಡೆಯನ್ನ ವರ್ಷಗಟ್ಟಲೆ ಸುಡ್ತಾ ಇರುತ್ತೆ, ಮುಖದ ಮೇಲೆ ಏನೂ ಕಾಣದೇ ಇದ್ರೂ. ಕಿಡ್ನಿ ಸೋರಿದ್ರೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಏರ್ತವೆ. ಸ್ಟೀರಾಯ್ಡ್ ಬೇರೆ ಶುಗರ್, ಬಿಪಿ ಏರಿಸುತ್ತೆ, ಮೂಳೆ ಸವೆಸುತ್ತೆ, ಕಣ್ಣಿಗೆ ಪೊರೆ ತರುತ್ತೆ, ಕೆಲವರಿಗೆ ತೊಡೆ ಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿದು ಮೂವತ್ತಕ್ಕೇ ಹಿಪ್ ಬದಲಿಸಬೇಕಾಗುತ್ತೆ. 1996ರಲ್ಲಿ ಲೂಪಸ್ ಡಾಕ್ಟರುಗಳು ಸೇರಿ 12 ಅಂಗವ್ಯವಸ್ಥೆಗಳ ಡ್ಯಾಮೇಜ್ ಲೆಕ್ಕ ಹಾಕೋ ಒಂದು ಪಟ್ಟಿ ಮಾಡಿದ್ರು, ಅದರಲ್ಲಿ ಕಾಯಿಲೆಯಿಂದ ಆದದ್ದು, ಔಷಧಿಯಿಂದ ಆದದ್ದು ಅಂತ ಬೇರೆ ಮಾಡೋದೇ ಇಲ್ಲ, ಯಾಕಂದ್ರೆ ರೋಗಿಗೆ ಹೋದ ಕಿಡ್ನಿ ಹೋದದ್ದೇ.

ಹಾಗಂತ ಸ್ಟೀರಾಯ್ಡ್ ವಿಷ ಅಲ್ಲ, ಕಾಯಿಲೆ ಉಕ್ಕಿದಾಗ ಜೀವ ಉಳಿಸೋದು ಅದೇ. ತಪ್ಪಾಗಿದ್ದು ಬೇಡದಿದ್ದಾಗಲೂ 10 ಎಂಜಿ ವರ್ಷಾನುಗಟ್ಟಲೆ ನಡೆದದ್ದು. ಈಗಿನ ಯುರೋಪಿನ ಮಾರ್ಗದರ್ಶಿ, 2023ರದ್ದು, ದಿನಕ್ಕೆ 5 ಎಂಜಿ ಅಥವಾ ಅದಕ್ಕಿಂತ ಕೆಳಗೆ ತನ್ನಿ, ಸಾಧ್ಯ ಆದರೆ ಪೂರ್ತಿ ಬಿಡಿಸಿ ಅನ್ನುತ್ತೆ, ಡಾಕ್ಟರ್ ಕೈಯಲ್ಲಿ ನಿಧಾನವಾಗಿ. ನೀವು ಬಿಟ್ಟ ಗುಳಿಗೆನೇ ಬಿಡಬಾರದಾಗಿದ್ದ ಗುಳಿಗೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ ಮತ್ತೆ ಉಕ್ಕದ ಹಾಗೆ ಹಿಡಿದಿಡುತ್ತೆ, ರಕ್ತ ಗಟ್ಟಿ ಕಟ್ಟೋದನ್ನ ಕಡಿಮೆ ಮಾಡುತ್ತೆ, ತಗೊಳ್ಳೋರು ಹೆಚ್ಚು ವರ್ಷ ಬದುಕ್ತಾರೆ. ಕಣ್ಣಿನ ಭಯ ಪೂರ್ತಿ ಸುಳ್ಳಲ್ಲ, ಆದ್ರೆ ಮೈತೂಕದ ಕೆಜಿಗೆ ದಿನಕ್ಕೆ 5 ಎಂಜಿ ಮೀರದೆ ಕೊಟ್ರೆ ಮೊದಲ 5 ವರ್ಷದಲ್ಲಿ ಕಣ್ಣಿನ ಪರದೆ ಕೆಡೋದು ನೂರಕ್ಕೆ ಒಬ್ಬರಿಗಿಂತ ಕಡಿಮೆ, 10 ವರ್ಷಕ್ಕೆ ಇಬ್ಬರಿಗಿಂತ ಕಡಿಮೆ, 20 ವರ್ಷ ದಾಟಿದ ಮೇಲೆ ನಿಜವಾಗಿ ಏರುತ್ತೆ. ಶುರುವಲ್ಲಿ ಒಮ್ಮೆ ಕಣ್ಣು ತೋರಿಸಿ, 5 ವರ್ಷ ಆದ ಮೇಲೆ ಪ್ರತಿ ವರ್ಷ ಕಣ್ಣಿನ ಪರದೆ ನೋಡೋ ಓಸಿಟಿ ಸ್ಕ್ಯಾನ್ ಮಾಡಿಸಬೇಕು, ಕಿಡ್ನಿ ಕೆಟ್ಟಿದ್ರೆ ಇನ್ನೂ ಮುಂಚೆ. ಹೊಲಿಗೆಯವರಿಗೆ ಆ ಭಯ ಹೇಳಿದವರು ಈ ಸ್ಕ್ಯಾನ್ ವಿಷಯನೂ ಹೇಳಬೇಕಿತ್ತು, ನಾಲ್ಕು ವರ್ಷ ಸುಮ್ಮನೆ ಹೋಯ್ತು ಅಂತ ನನಗೆ ನಿಜವಾಗ್ಲೂ ಸಂಕಟ ಆಗ್ತಿದೆ.

ಎಕೋದಲ್ಲಿ ಪೊರೆಯ ನೀರಷ್ಟೇ ಅಲ್ಲ, ವಾಲ್ವೂ ನೋಡೋಕೆ ಹೇಳಿ. ಲೂಪಸ್‌ನಲ್ಲಿ ವಾಲ್ವ್ ಮೇಲೆ ಸಣ್ಣ ಗಂಟುಗಳಾಗ್ತವೆ, ಲಿಬ್ಮನ್ ಮತ್ತು ಸ್ಯಾಕ್ಸ್ ಅನ್ನೋ ಇಬ್ಬರು 1924ರಲ್ಲೇ ಬರೆದಿಟ್ಟಿದ್ದಾರೆ, ಅದರ ಚೂರು ಕಿತ್ತು ಮೆದುಳಿಗೆ ಹೋದ್ರೆ ಲಕ್ವಾ ಹೊಡೆಯಬಹುದು. ಶ್ವಾಸಕೋಶದ ರಕ್ತನಾಳದ ಒತ್ತಡವೂ ಅದರಲ್ಲೇ ಅಂದಾಜು ಸಿಗುತ್ತೆ.

ಗಂಗಾವತಿ ಹೊಲಿಗಿ:

ಮೂರು ವಾರದ ಮ್ಯಾಲ ಬರಿಯಾಕತ್ತೀನಿ, ತಡ ಆತು ಕ್ಷಮಿಸ್ರಿ. ಬಳ್ಳಾರಿಯಾಗ ಅಡ್ಮಿಟ್ ಮಾಡ್ಕೊಂಡ್ರು. ಬಿಪಿ 170 ಇತ್ರಿ, ನನಗ ಒಂಚೂರೂ ಗೊತ್ತಿರ್ಲಿಲ್ಲ. ಯೂರಿನ್ನಾಗ ಪ್ರೋಟೀನ್ ಮೂರು ಪ್ಲಸ್, 24 ತಾಸಿನ ಲೆಕ್ಕದಾಗ 3.8 ಗ್ರಾಂ. ಅರ್ಧ ಗ್ರಾಂ ದಾಟಿದ್ರ ಬಯಾಪ್ಸಿ ಮಾಡ್ತೀವಿ ಅಂತ ಹೇಳಿ ಬೆನ್ನಾಗ ಸೂಜಿ ಹಾಕಿ ಕಿಡ್ನಿ ಚೂರು ತಗೊಂಡ್ರು, ಅಂಜಿದಷ್ಟು ನೋವು ಆಗ್ಲಿಲ್ಲ, ಒಂದು ದಿವ್ಸ ಅಂಗಾತ ಮಕ್ಕೊಂಡು ಇರೂದೇ ಬ್ಯಾಸರ. ಕಿಡ್ನಿ ಲೂಪಸ್ಸಿನಾಗ ಕ್ಲಾಸ್ 4 ಅನ್ನೂ ಜೋರಿಂದು ಬಂದೈತಿ. ಎಕೋದಾಗ ಹಾರ್ಟಿನ ಸುತ್ತ ಸ್ವಲ್ಪ ನೀರು ಐತಿ, ತಗಿಯೂವಷ್ಟು ಇಲ್ಲ, ವಾಲ್ವ್ ಆರಾಮ ಅದಾವು. ರಾಯಚೂರಿನ ಅಣ್ಣಾರ ಹೇಳಿದ ಆಂಟಿಫಾಸ್ಫೋಲಿಪಿಡ್ ನಾನೇ ಕೇಳಿ ಮಾಡಿಸೀನಿ, ನೆಗೆಟಿವ್.

ಮೂರು ದಿವ್ಸ ಸಲೈನಿನಾಗ ಸ್ಟೀರಾಯ್ಡ್ ಕೊಟ್ಟು ಈಗ ಗುಳಿಗಿ ಮಾಡ್ಯಾರ, ವಾರ ವಾರಕ್ಕ ಕಡಿಮಿ ಮಾಡ್ಕೋತ ಬರತಾರಂತ. ಲೂಪಸ್ ಅಡಗಿಸಾಕ ಸೈಕ್ಲೋಫಾಸ್ಫಮೈಡ್ 500 ಎಂಜಿ ಎರಡು ವಾರಕ್ಕೊಮ್ಮೆ, ಒಟ್ಟು ಆರು ಸಲ, ಎರಡು ಆಗ್ಯಾವು. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತ ಚಾಲೂ ಆಗೈತಿ. ಮುಂದಕ್ಕ ಬಗ್ಗಿ ಕುಂಡ್ರೂದು ತಪ್ಪೈತಿ, ರಾತ್ರಿ ನಿದ್ದಿ ಬರತೈತಿ, ಕಾಲುಂಗರ ಸಡಿಲ ಆಗ್ಯಾವು.

ಸಿರುಗುಪ್ಪ ಹುಡುಗಿ:

ಎಲ್ಲಾ ಓದಿದೆ ಅಕ್ಕಾ, ನೀವು ಹುಷಾರಾಗಿರಿ. ನಂಗೂ ಲೂಪಸ್ ಐತೆ, 24 ವರ್ಷ, ಮುಂದಿನ ವರ್ಷ ಮದುವೆ. ರಕ್ತದಲ್ಲಿ ಆಂಟಿ ರೋ ಅನ್ನೋ ಆಂಟಿಬಾಡಿ ಪಾಸಿಟಿವ್ ಅಂತ ರಿಪೋರ್ಟಲ್ಲಿ ಐತೆ. ಮಗುಗೆ ಹಾರ್ಟ್ ತೊಂದರೆ ಆಗುತ್ತೆ ಅಂತ ಓದಿ ಊಟನೇ ಸೇರ್ತಿಲ್ಲ. ಹುಡುಗನ ಮನೆಯವರಿಗೆ ಕಾಯಿಲೆ ವಿಷಯ ಹೇಳಿದೀವಿ, ಇದು ಹೇಳಿಲ್ಲ.

ಕೊಪ್ಪಳ ಮೆಡಿಸಿನ್:

ಊಟ ಬಿಡಬೇಡಿ ತಂಗಿ. ಆಂಟಿ ರೋ ಇರೋ ತಾಯಂದಿರಲ್ಲಿ ನೂರಕ್ಕೆ ಇಬ್ಬರ ಮಕ್ಕಳಿಗೆ ಮಾತ್ರ ಹಾರ್ಟ್ ಬ್ಲಾಕ್ ಆಗೋದು, ಅಂದ್ರೆ ಮಗುವಿನ ಎದೆಬಡಿತ ನಿಧಾನ ಆಗೋದು, ಉಳಿದ 98 ಮಕ್ಕಳಿಗೆ ಹಾರ್ಟ್ ಬ್ಲಾಕ್ ಆಗಲ್ಲ. ಬಸಿರಾದ ಮೇಲೆ 16ರಿಂದ 26ನೇ ವಾರದ ಮಧ್ಯೆ ಮಗುವಿನ ಎಕೋ ಆಗಾಗ ಮಾಡ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸಿರಲ್ಲೂ ಬಿಡಬಾರದು, ಮಗುವಿಗೂ ಅದು ಕಾಪು. ಲೂಪಸ್ ಕನಿಷ್ಠ 6 ತಿಂಗಳು ಶಾಂತ ಇದ್ದಾಗ ಮಾತ್ರ ಬಸಿರಿಗೆ ಹೊರಡಿ, ಲೂಪಸ್‌ಗೆ ಕೊಡೋ ಮೈಕೋಫಿನೊಲೇಟ್ ಗುಳಿಗೆ ತಗೊಳ್ತಿದ್ರೆ ಅದನ್ನ ಮುಂಚೆನೇ ಬದಲಿಸಬೇಕು. ಹುಡುಗನ್ನ ಒಮ್ಮೆ ಜೊತೆಗೆ ಕರ್ಕೊಂಡು ಡಾಕ್ಟರ್ ಹತ್ರ ಹೋಗಿ, ಅವರ ಬಾಯಿಂದ ಕೇಳಿದ್ರೆ ಮನೆಯಲ್ಲಿ ಹೇಳೋದು ಸುಲಭ ಆಗುತ್ತೆ.

ಬಳ್ಳಾರಿ ನರ್ಸಕ್ಕ:

ಗಂಗಾವತಿ ಅಕ್ಕಾ, ಕ್ಲಾಸ್ 4 ಅಂದ್ರೆ ಹಗುರದ್ದಲ್ಲ, ಆದ್ರೂ ನೀವು ಟೈಮಿಗೆ ಬಂದೀರಿ, ಎಷ್ಟು ಸಮಾಧಾನ ಆಯ್ತು ಗೊತ್ತಾ. ಬಿಪಿ 130ರ ಒಳಗೆ ಇರ್ಲಿ. ಮಾಳಿಗೆ ಮೇಲೆ ಬಟ್ಟೆ ಒಣಗಿಸಾಕೆ ಹೋದ್ರೂ ತುಂಬು ತೋಳಿನ ಅಂಗಿ ಹಾಕ್ಕಂಡು ತಲೆಗೆ ಸೆರಗು ಹೊದ್ಕಂಡು ಹೋಗ್ರಿ, ಅದೂ ಬಿಸಿಲು ಇಳಿದ ಮೇಲೆ. ನಮ್ಮ ಕಡೆ ಬಿಸಿಲು ಚರ್ಮಕ್ಕಷ್ಟೇ ಅಲ್ಲ, ಒಳಗಿನ ಲೂಪಸ್ಸನ್ನೂ ಎಬ್ಬಿಸ್ತೈತೆ. ಸೈಕ್ಲೋ ನಡೆಯೋ ಟೈಮಲ್ಲಿ ಜ್ವರ ಬಂದ್ರೆ ಮನ್ಯಾಗೆ ಗುಳಿಗೆ ನುಂಗಬ್ಯಾಡ್ರಿ, ಸೀದಾ ಬರ್ರಿ.

ಗಂಗಾವತಿ ಹೊಲಿಗಿ:

ಆಗ್ಲಿ ಅಕ್ಕಾ. ಹಳೇ ಚೀಟಿ ಮನಿಯವರು ಹರದು ಒಲ್ಯಾಗ ಹಾಕ್ಯಾರ. ಒಂದು ನೋಟ್‌ಬುಕ್ ಮಾಡೀನಿ, ಒಂದು ಕಡೆ ಬಿಪಿ, ಒಂದು ಕಡೆ ಯೂರಿನ್ ರಿಪೋರ್ಟ್, ಬ್ಲೌಸ್ ಅಳತಿ ಬರ್ಕೊಂಡಂಗ ಬರ್ಕೋತೀನಿ. ನಿನ್ನಿ ರಿಪೋರ್ಟಿನಾಗ ಪ್ರೋಟೀನ್ 2.9 ಆಗೈತಿ. ಕಣ್ಣಿನ ಸ್ಕ್ಯಾನಿಗೆ ಬರೂ ಗುರುವಾರ ಕರದಾರ, ಅದರ ಮರುದಿವ್ಸ ಮೂರನೇ ಡೋಸ್. ನೀವು ಅವತ್ತು ಡ್ಯೂಟಿ ಮ್ಯಾಲ ಇದ್ರ ಹೇಳ್ರಿ, ಬಂದು ಮಾತಾಡಿಸ್ತೀನಿ, ನಿಮ್ಮದೊಂದು ಅಳತಿ ಬ್ಲೌಸ್ ತಂದಿರ್ರಿ.